ಬೀವರ್ ಕಟ್ಟುವ ಕೊಳ, ಸುರಪುರ ಸೀಮೆಯ ಕೆರೆ: ನೀರು ನಿಂತಲ್ಲಿ ಸಸ್ಯಲೋಕ ಬದಲಾಗುವ ಬಗೆ

ಗೋಗಿ (ಯಾದಗಿರಿ ಜಿಲ್ಲೆ): ಗೋಗಿ ಎಂಬ ಹೆಸರು ಕೇಳಿದೊಡನೆ ನಗರದ ಓದುಗರಿಗೆ ಸಾಮಾನ್ಯವಾಗಿ ನೆನಪಾಗುವುದು ಎರಡು ಸಂಗತಿಗಳು. ಒಂದು, ಇಲ್ಲಿನ ಚಂದಾ ಹುಸೇನಿ ದರ್ಗಾದ ಆವರಣದಲ್ಲಿ ಚಿರನಿದ್ರೆಯಲ್ಲಿರುವ ವಿಜಾಪುರದ ಆರಂಭಕಾಲದ ಆದಿಲ್‌ಶಾಹಿ ಸುಲ್ತಾನರು. ಇನ್ನೊಂದು, ಭೀಮಾ ಕೊಳ್ಳದ ದಕ್ಷಿಣದ ಅಂಚಿನಲ್ಲಿ, ಗ್ರಾನೈಟ್ ಮತ್ತು ಸುಣ್ಣದ ಕಲ್ಲು ಕೂಡುವ ಎಡೆಯಲ್ಲಿ ಪತ್ತೆಯಾದ ಯುರೇನಿಯಂ ನಿಕ್ಷೇಪ. ಇವೆರಡರ ಸದ್ದಿನಲ್ಲಿ ಈ ಸೀಮೆಯ ಮೂರನೆಯ ಸಂಪತ್ತು ಮರೆಗೆ ಸರಿದಿದೆ. ಅದು ಗೋಗಿ, ಶಹಾಪುರ, ಸುರಪುರದ ಬಂಡೆಗುಡ್ಡಗಳ ನಡುವೆ ಹಿಂದಿನವರು ಏರಿ ಹಾಕಿ ಕಟ್ಟಿದ ಕೆರೆಗಳು ಮತ್ತು ಆ ಕೆರೆಗಳ ಅಂಚಿನಲ್ಲಿ ತಾವಾಗಿಯೇ ನೆಲೆಗೊಂಡ ಜವುಗು ಸಸ್ಯಗಳ ಲೋಕ.

ಹರಿಯುವ ನೀರಿಗೆ ಅಡ್ಡಗಟ್ಟೆ ಕಟ್ಟಿದರೆ ಅಲ್ಲಿನ ಗಿಡಮರಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಅತ್ಯಂತ ವಿವರವಾಗಿ ಕೇಳಿಕೊಂಡದ್ದು ಮನುಷ್ಯನ ಕೆರೆಗಳ ಬಗ್ಗೆ ಅಲ್ಲ. ಉತ್ತರ ಅಮೆರಿಕ ಮತ್ತು ಯುರೋಪಿನ ಬೀವರ್ ಎಂಬ ಪ್ರಾಣಿ ಕಟ್ಟುವ ಕೊಳಗಳ ಬಗ್ಗೆ. ಅಲ್ಲಿ ದೊರೆತ ಉತ್ತರಗಳು ಕೃಷ್ಣಾ–ಭೀಮಾ ನದಿಗಳ ನಡುವಿನ ಕೆರೆಗಳನ್ನು ಅರ್ಥ ಮಾಡಿಕೊಳ್ಳಲು ಬಹಳ ನೆರವಾಗುತ್ತವೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಅಂಚುಗಳನ್ನು ಕಡಿದು ನೆಟ್ಟಗೆ ಮಾಡುವ, ವರ್ಷವಿಡೀ ನೀರು ತುಂಬಿಸಿಡುವ ಈ ಕಾಲದಲ್ಲಿ ಆ ಉತ್ತರಗಳಿಗೆ ವಿಶೇಷ ಮಹತ್ವವಿದೆ.

ನೀರುನಾಯಿ ಬೇರೆ, ಬೀವರ್ ಬೇರೆ

ಭಾರತದಲ್ಲಿ ಬೀವರ್ ಇಲ್ಲ. ಕೆಲವರು ಇದನ್ನು ನಮ್ಮ ನೀರುನಾಯಿಯೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ನೀರುನಾಯಿ ಮೀನು ತಿಂದು ಬದುಕುವ ಮಾಂಸಾಹಾರಿ. ಅದು ಅಣೆಕಟ್ಟು ಕಟ್ಟುವುದಿಲ್ಲ. ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಬೀವರ್ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ದಂಶಕ. ಚಪ್ಪಟೆ ಬಾಲ, ಉಳಿಯಂಥ ಮುಂಬಲ್ಲು ಇದರ ಗುರುತು. ಮರದ ತೊಗಟೆ, ಎಳೆಯ ರೆಂಬೆ, ನೀರುಗಿಡಗಳೇ ಇದರ ಆಹಾರ. ಉತ್ತರ ಅಮೆರಿಕದಲ್ಲಿ ಒಂದು, ಯುರೋಪು–ಏಷ್ಯಾದಲ್ಲಿ ಇನ್ನೊಂದು ಹೀಗೆ ಎರಡು ಜಾತಿಗಳು ಇಂದು ಉಳಿದಿವೆ. ತುಪ್ಪಳಕ್ಕಾಗಿ ನಡೆದ ಬೇಟೆಯಿಂದಾಗಿ 20ನೆಯ ಶತಮಾನದ ಆರಂಭದ ಹೊತ್ತಿಗೆ ಯುರೋಪು–ಏಷ್ಯಾದ ಜಾತಿಯಲ್ಲಿ ಸುಮಾರು 1,200 ಪ್ರಾಣಿಗಳಷ್ಟೇ ಉಳಿದಿದ್ದವು. ಬಳಿಕ ಸಂರಕ್ಷಣೆ ಮತ್ತು ಮರುಬಿಡುಗಡೆಯಿಂದ ಅವು ಚೇತರಿಸಿಕೊಂಡಿವೆ.

ಶತ್ರುಗಳಿಂದ ಪಾರಾಗಲು ಬೀವರ್ ತನ್ನ ಗೂಡಿನ ಬಾಗಿಲನ್ನು ನೀರಿನೊಳಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಆಳವಾದ ನೀರು ಬೇಕು. ತೊರೆಯಲ್ಲಿ ಆಳವಿಲ್ಲದಿದ್ದರೆ ಮರ ಕಡಿದು, ರೆಂಬೆ, ಕಲ್ಲು, ಕೆಸರು ಒಟ್ಟಿ ಅಡ್ಡಗಟ್ಟೆ ಕಟ್ಟುತ್ತದೆ. ತೊರೆ ಕೊಳವಾಗುತ್ತದೆ. ತನಗಾಗಿ ಮಾಡಿಕೊಂಡ ಈ ವ್ಯವಸ್ಥೆಯಿಂದ ಸುತ್ತಲಿನ ನೂರಾರು ಜೀವಿಗಳ ಬದುಕು ಬದಲಾಗುತ್ತದೆ. ಕ್ಲೈವ್ ಜೋನ್ಸ್, ಜಾನ್ ಲಾಟನ್ ಮತ್ತು ಮೋಶೆ ಶಚಕ್ ಎಂಬ ಮೂವರು ವಿಜ್ಞಾನಿಗಳು 1994ರಲ್ಲಿ ಇಂಥ ಜೀವಿಗಳಿಗೆ ‘ಪರಿಸರ ವ್ಯವಸ್ಥೆಯ ಎಂಜಿನಿಯರ್’ ಎಂಬ ಹೆಸರು ಕೊಟ್ಟರು. ಆ ಹೆಸರಿಗೆ ಇಂದಿಗೂ ಎಲ್ಲರೂ ಕೊಡುವ ಮೊದಲ ಉದಾಹರಣೆ ಬೀವರ್.

ಮಣ್ಣಿನೊಳಗೆ ನಡೆಯುವ ಬದಲಾವಣೆ

ಒಣ ನೆಲದ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಬೇರುಗಳು ಉಸಿರಾಡುವುದು ಈ ಗಾಳಿಯಿಂದಲೇ. ನೆಲ ಮುಳುಗಿದಾಗ ಆ ಜಾಗವನ್ನು ನೀರು ತುಂಬುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಚಲಿಸುವ ವೇಗ ಗಾಳಿಯಲ್ಲಿನ ವೇಗಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಹೀಗಾಗಿ ಮಣ್ಣಿನಲ್ಲಿ ಉಳಿದಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ಬಳಸಿ ಮುಗಿಸುತ್ತವೆ. ಅನಂತರ ಅವು ಉಸಿರಾಟಕ್ಕೆ ನೈಟ್ರೇಟನ್ನು, ಆಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಸಂಯುಕ್ತಗಳನ್ನು, ಕೊನೆಗೆ ಸಲ್ಫೇಟನ್ನು ಆಶ್ರಯಿಸುತ್ತವೆ. ಕೆರೆಯ ಕೆಸರನ್ನು ಕೆದಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಈ ಕೊನೆಯ ಹಂತದ್ದು. ಕಬ್ಬಿಣಕ್ಕೆ ಅಂಟಿಕೊಂಡಿದ್ದ ರಂಜಕವೂ ಈ ಹಂತಗಳಲ್ಲಿ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ.

ಈ ಉಸಿರುಗಟ್ಟುವ ಮಣ್ಣಿನಲ್ಲಿ ಹೊಲದ ಗಿಡ, ಕಾಡಿನ ಮರ ಬಹುಕಾಲ ಬಾಳವು. ಬೀವರ್ ಕೊಳದಲ್ಲಿ ಮೊದಲ ಕೆಲವು ವರ್ಷಗಳಲ್ಲೇ ಮುಳುಗಿದ ಮರಗಳು ಒಣಗಿ ನಿಲ್ಲುತ್ತವೆ. ಮೇಲಿನ ನೆರಳು ಮರೆಯಾಗಿ ಬಿಸಿಲು ನೇರವಾಗಿ ನೀರಿಗೆ ಬೀಳುತ್ತದೆ. ತೊರೆಯ ವೇಗ ತಗ್ಗಿದ್ದರಿಂದ ಹೂಳು ತಳಕ್ಕೆ ಕೂರುತ್ತದೆ. ಬೆಳಕು, ಹೂಳು, ಪೋಷಕಾಂಶ, ನಿಂತ ನೀರು ಈ ನಾಲ್ಕೂ ಒಂದೆಡೆ ಸೇರಿದಾಗ ಜವುಗು ಸಸ್ಯಗಳಿಗೆ ಹೇಳಿ ಮಾಡಿಸಿದ ನೆಲೆ ಸಿದ್ಧವಾಗುತ್ತದೆ.

ಜವುಗು ಸಸ್ಯಗಳ ಗುಟ್ಟು ಅವುಗಳ ಒಡಲಿನಲ್ಲಿದೆ. ತಾವರೆಯ ದಂಟನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಸಾಲುಸಾಲು ಗಾಳಿಕೊಳವೆಗಳು ಕಾಣುತ್ತವೆ. ಎಲೆಯ ಮೂಲಕ ಒಳಬಂದ ಗಾಳಿ ಈ ಕೊಳವೆಗಳಲ್ಲಿ ಇಳಿದು ಕೆಸರಿನಲ್ಲಿರುವ ಗೆಡ್ಡೆಯನ್ನು ತಲುಪುತ್ತದೆ. ಚಾಪೆ ನೇಯಲು ಬಳಸುವ ಆಪು, ಭತ್ತ, ಜೇಕು ಎಲ್ಲವೂ ಇದೇ ಉಪಾಯವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಳಸುತ್ತವೆ. ಯಾವ ಗಿಡ ಎಷ್ಟು ಆಳದವರೆಗೆ ಹೀಗೆ ಗಾಳಿ ಸಾಗಿಸಬಲ್ಲದು ಎಂಬುದರ ಮೇಲೆ ಕೆರೆಯಲ್ಲಿ ಅದರ ಜಾಗ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಎಣಿಕೆ ಹೇಳುವ ಸತ್ಯ

ಬೀವರ್ ಕೊಳದಿಂದ ಸಸ್ಯವೈವಿಧ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಎರಡು ಪ್ರಸಿದ್ಧ ಅಧ್ಯಯನಗಳು ಉತ್ತರ ಕೊಟ್ಟಿವೆ. ನ್ಯೂಯಾರ್ಕ್ ರಾಜ್ಯದ ಅಡಿರಾನ್‌ಡ್ಯಾಕ್ ಬೆಟ್ಟಸಾಲಿನಲ್ಲಿ ಜಸ್ಟಿನ್ ರೈಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಬೀವರ್ ನೆಲೆಗಳ ದೆಸೆಯಿಂದ ಆ ಪ್ರದೇಶದ ತೊರೆಯಂಚಿನ ಮೂಲಿಕೆ ಸಸ್ಯಜಾತಿಗಳ ಒಟ್ಟು ಸಂಖ್ಯೆ ಶೇ 33ಕ್ಕೂ ಹೆಚ್ಚಿತ್ತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೊಳವಿರುವ ಒಂದೊಂದು ಜಾಗವನ್ನೇ ಪ್ರತ್ಯೇಕವಾಗಿ ನೋಡಿದರೆ ಅಲ್ಲಿ ಕಾಡಿಗಿಂತ ಹೆಚ್ಚು ಜಾತಿಗಳು ಇರಲೇಬೇಕೆಂದಿಲ್ಲ. ಆದರೆ ಅಲ್ಲಿರುವ ಜಾತಿಗಳು ಕಾಡಿನಲ್ಲಿ ಇಲ್ಲದವು. ಕಾಡೂ ಇದ್ದು ಕೊಳವೂ ಇದ್ದಾಗ ಇಡೀ ಸೀಮೆಯ ಲೆಕ್ಕ ಏರುತ್ತದೆ.

ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದಲ್ಲಿ ಆಲನ್ ಲಾ ಮತ್ತು ಸಂಗಡಿಗರು ಮಾಡಿದ ಇನ್ನೊಂದು ಅಧ್ಯಯನ 2017ರಲ್ಲಿ ಬೆಳಕು ಕಂಡಿತು. ಹಿಂದೆ ಕೃಷಿಗಾಗಿ ನೀರು ಬಸಿದು ಒಣಗಿಸಿದ್ದ ನೆಲಕ್ಕೆ ಬೀವರ್‌ಗಳನ್ನು ಬಿಟ್ಟು 12 ವರ್ಷ ಕಳೆದಾಗ ಒಂದೊಂದು ತುಂಡು ನೆಲದಲ್ಲಿನ ಸಸ್ಯಜಾತಿಗಳು ಸರಾಸರಿ ಶೇ 46ರಷ್ಟು, ಒಟ್ಟಾರೆ ದಾಖಲಾದ ಜಾತಿಗಳು ಶೇ 148ರಷ್ಟು ಹೆಚ್ಚಿದ್ದವು. ಸಾರಜನಕ ಹೆಚ್ಚಿರುವ ಕಡೆ ಬೆಳೆಯುವ ಗಿಡಗಳು ಹಿಂದೆ ಸರಿದು, ತೇವ ಮತ್ತು ಬೆಳಕು ಬಯಸುವ ಗಿಡಗಳು ಹರಡಿದ್ದವು.

ಹಾಗೆಂದು ಬೀವರ್ ಎಲ್ಲೆಡೆಯೂ ವರವಲ್ಲ. ತುಪ್ಪಳದ ಉದ್ಯಮ ಬೆಳೆಸುವ ಆಸೆಯಿಂದ ಅರ್ಜೆಂಟೀನಾ 1946ರಲ್ಲಿ ಕೆನಡಾದ ಬೀವರ್‌ಗಳನ್ನು ದಕ್ಷಿಣ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪಕ್ಕೆ ತಂದು ಬಿಟ್ಟಿತು. ಉತ್ತರ ಅಮೆರಿಕದ ವಿಲ್ಲೋ ಮರ ಕಡಿದಷ್ಟೂ ಚಿಗುರುತ್ತದೆ. ಬೀವರ್ ಜೊತೆಗಿನ ಸಾವಿರಾರು ವರ್ಷಗಳ ಸಹವಾಸದ ಫಲ ಅದು. ದಕ್ಷಿಣದ ಆ ದ್ವೀಪದ ಮರಗಳಿಗೆ ಈ ಅಭ್ಯಾಸವಿರಲಿಲ್ಲ. ಕಡಿದ ಮರ ಮತ್ತೆ ಚಿಗುರಲಿಲ್ಲ, ಮುಳುಗಿದ ಕಾಡು ಮರಳಲಿಲ್ಲ. ಒಂದೇ ಕೆಲಸ, ಒಂದೇ ಕೆಲಸಗಾರ. ನೆಲ ಬದಲಾದಾಗ ಫಲವೂ ಬದಲಾಯಿತು.

ಕನ್ನಡನಾಡಿನ ಅಡ್ಡಗಟ್ಟೆಗಳು

ಕರ್ನಾಟಕದಲ್ಲಿ ಬೀವರ್ ಮಾಡುವ ಕೆಲಸವನ್ನು ಶತಮಾನಗಳಿಂದ ಮಾಡಿದವರು ಮನುಷ್ಯರು. ಹಳ್ಳಕ್ಕೆ ಅಡ್ಡಲಾಗಿ ಏರಿ, ನೀರು ಬಿಡಲು ತೂಬು, ಹೆಚ್ಚಾದ ನೀರು ಹೊರಹೋಗಲು ಕೋಡಿ, ಕೆಳಗೆ ಅಚ್ಚುಕಟ್ಟು. ಈ ನಾಲ್ಕು ಅಂಗಗಳ ಕೆರೆ ನಾಡಿನ ಬಯಲುಸೀಮೆಯ ಊರೂರಲ್ಲೂ ಇದೆ. ಕಟ್ಟಿದ್ದು ಬೇಸಾಯಕ್ಕೆ, ಬಂದು ನೆಲೆಸಿದ್ದು ಹಕ್ಕಿ, ಮೀನು, ತಾವರೆ, ಜೊಂಡು.

ಸುರಪುರ ತಾಲ್ಲೂಕಿನ ಬೋನಾಳ ಕೆರೆ ಇದಕ್ಕೆ ಈ ಭಾಗದ ಅತ್ಯುತ್ತಮ ನಿದರ್ಶನ. 17ನೆಯ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದ ಕೆರೆ ಇದೆಂದು ಹೇಳಲಾಗುತ್ತದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿಪಡಿಸಿದ. ಇಂದು ಅದು ಪಕ್ಷಿಧಾಮವೆಂದು ಹೆಸರಾಗಿದೆ. ಮಂಡ್ಯ ಜಿಲ್ಲೆಯ ರಂಗನತಿಟ್ಟಿನ ಕಥೆಯೂ ಇಂಥದೇ. ಕಾವೇರಿಗೆ 1645ರಿಂದ 1648ರ ಅವಧಿಯಲ್ಲಿ ಕಟ್ಟಿದ ಒಡ್ಡಿನಿಂದಾಗಿ ಅಲ್ಲಿನ ನಡುಗಡ್ಡೆಗಳು ಮೈದಳೆದವು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ಶತಮಾನಗಳ ಹಿಂದಿನ ಊರಕೆರೆ. 98.76 ಹೆಕ್ಟೇರ್ ವಿಸ್ತಾರದ ಆ ನೆಲೆಯಲ್ಲಿ 210ಕ್ಕೂ ಹೆಚ್ಚು ಸಸ್ಯಜಾತಿಗಳು ದಾಖಲಾಗಿವೆ. ಕೆರೆಯಂಗಳದ ಕರಿಜಾಲಿ ಮರಗಳು ನೀರಿನ ನಡುವೆ ನಿಂತು ಬಣ್ಣದ ಕೊಕ್ಕರೆ ಮೊದಲಾದ ಹಕ್ಕಿಗಳಿಗೆ ಗೂಡು ಕಟ್ಟಲು ಎಡೆ ಕೊಟ್ಟಿವೆ. ರಂಗನತಿಟ್ಟು 2022ರಲ್ಲಿ, ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದವು. ಮೂರೂ ಮನುಷ್ಯ ಹಾಕಿದ ಒಡ್ಡಿನ ಫಲವೆಂಬುದು ಗಮನಾರ್ಹ.

ಕೆರೆಯಂಗಳದ ಮೆಟ್ಟಿಲುಗಳು

ಇಳಿಜಾರಿನ ಕೆರೆಯಂಗಳವನ್ನು ದಡದಿಂದ ನಡುವಿನತ್ತ ನೋಡುತ್ತ ಸಾಗಿದರೆ ಗಿಡಗಳು ಮೆಟ್ಟಿಲು ಮೆಟ್ಟಿಲಾಗಿ ನೆಲೆ ಹಂಚಿಕೊಂಡಿರುವುದು ಕಾಣುತ್ತದೆ. ಮಳೆಗಾಲದ ತುಂಬು ನೀರು ಮುಟ್ಟಿ ಹಿಂದೆ ಸರಿಯುವ ಎತ್ತರದ ಅಂಚಿನಲ್ಲಿ ಗರಿಕೆ, ಕರಿಜಾಲಿ. ಅದಕ್ಕಿಂತ ತುಸು ಕೆಳಗೆ, ಸದಾ ತೇವವಿರುವಲ್ಲಿ ಹೊನಗೊನೆ ಸೊಪ್ಪು, ಗರಗ, ಮುಳ್ಳಿನ ಕೊಳವಳಿಕೆ. ಮೊಣಕಾಲುದ್ದದ ನೀರಿನಲ್ಲಿ ಜೇಕು ಮತ್ತು ಆಪು. ಇನ್ನೂ ಆಳದಲ್ಲಿ, ಬೇರು ಕೆಸರಿನಲ್ಲಿಟ್ಟು ಎಲೆಯನ್ನು ನೀರಿನ ಮೇಲೆ ಹರಡುವ ನೈದಿಲೆ, ತಾವರೆ. ಅವುಗಳಾಚೆ ನೀರಿನೊಳಗೇ ಮುಳುಗಿ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಪಾಚಿಯಂತೆ ಕಾಣುವ ಗಿಡಗಳು. ಬೆಳಕು ತಳ ಮುಟ್ಟದ ಆಳದಲ್ಲಿ ಬೇರೂರಿದ ಗಿಡವೇ ಇರುವುದಿಲ್ಲ.

ಹಕ್ಕಿಗಳ ಲೆಕ್ಕಾಚಾರವೂ ಈ ಮೆಟ್ಟಿಲುಗಳ ಮೇಲೆಯೇ ನಿಂತಿದೆ. ದೇವನಕ್ಕಿಗೆ ತೇಲುವ ಎಲೆಗಳ ಹಾಸು ಬೇಕು. ಕೆನ್ನೀಲಿ ಬಕಕ್ಕೆ ಅಡಗಲು ಆಪಿನ ಪೊದೆ ಬೇಕು. ಉಲ್ಲಂಕಿಗಳಿಗೆ ಬೋಳು ಕೆಸರು ಬೇಕು. ಒಂದು ಮೆಟ್ಟಿಲು ಮಾಯವಾದರೆ ಅದನ್ನು ನಂಬಿದವರೂ ಮಾಯವಾಗುತ್ತಾರೆ.

ಬೀವರ್‌ಗೆ ದಶಕ, ಕೆರೆಗೆ ವರ್ಷ

ಬೀವರ್ ಕೊಳ ಶಾಶ್ವತವಲ್ಲ. ಸುತ್ತಲಿನ ಆಹಾರ ಮುಗಿದಾಗ ಕುಟುಂಬ ಬೇರೆಡೆ ಹೊರಡುತ್ತದೆ. ದುರಸ್ತಿಯಿಲ್ಲದ ಗಟ್ಟೆ ಒಡೆಯುತ್ತದೆ. ನೀರು ಇಳಿದ ಕೆಸರು ನೆಲದಲ್ಲಿ ಹುಲ್ಲುಗಾವಲು ಹುಟ್ಟಿಕೊಳ್ಳುತ್ತದೆ. ಹಲವು ವರ್ಷಗಳಲ್ಲಿ ಪೊದೆ, ಅನಂತರ ಮರ ಬಂದು, ಮತ್ತೊಂದು ದಿನ ಇನ್ನೊಂದು ಬೀವರ್ ಕುಟುಂಬ ಅಲ್ಲಿಗೆ ಬರಬಹುದು. ಒಂದೇ ಕಣಿವೆಯಲ್ಲಿ ಹೊಸ ಕೊಳ, ಹಳೆಯ ಕೊಳ, ಒಡೆದ ಕೊಳ, ಹುಲ್ಲುಗಾವಲು ಎಲ್ಲವೂ ಏಕಕಾಲಕ್ಕೆ ಇರುವುದರಿಂದಲೇ ಅಲ್ಲಿ ಸಸ್ಯವೈವಿಧ್ಯ ಉಳಿಯುತ್ತದೆ.

ಬಯಲುಸೀಮೆಯ ಕೆರೆ ಇದೇ ಚಕ್ರವನ್ನು ಒಂದು ವರ್ಷದಲ್ಲಿ ಪೂರೈಸುತ್ತಿತ್ತು. ಮುಂಗಾರಿನಲ್ಲಿ ತುಂಬಿ, ಹಿಂಗಾರು ಮುಗಿದ ಮೇಲೆ ತೂಬಿನಿಂದ ನೀರು ಇಳಿಯುತ್ತ, ಬೇಸಿಗೆಯ ಹೊತ್ತಿಗೆ ಅಂಗಳದ ಬಹುಭಾಗ ಬಯಲಾಗುತ್ತಿತ್ತು. ಬಯಲಾದ ಅಂಗಳದಲ್ಲಿ ದನ, ಎಮ್ಮೆ, ಕುರಿ ಮೇಯುತ್ತಿದ್ದವು. ರೈತರು ಬಂಡಿ ಹೂಡಿ ಹೂಳನ್ನು ಹೊಲಕ್ಕೆ ಹೇರುತ್ತಿದ್ದರು. ಆಪು ಕೊಯ್ದು ಚಾಪೆ ಹೆಣೆಯುವವರಿದ್ದರು. ಮೇಲ್ನೋಟಕ್ಕೆ ಇವೆಲ್ಲ ಊರವರ ಅಗತ್ಯಗಳು. ಸಸ್ಯಗಳ ದೃಷ್ಟಿಯಿಂದ ಇವು ಯಾವ ಒಂದು ಗಿಡವೂ ಇಡೀ ಕೆರೆಯನ್ನು ಆಕ್ರಮಿಸದಂತೆ ತಡೆಯುವ ಕಟ್ಟಳೆಗಳು.

ನೀರು ಒಣಗುವುದರಿಂದ ಗಿಡಗಳಿಗೆ ಹಾನಿಯಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಕೆಸರಿನಲ್ಲಿದೆ. ಅಮೆರಿಕದ ಅಯೋವಾ ಪ್ರಾಂತದ ಜವುಗುಗಳಲ್ಲಿ ಆರ್ನಾಲ್ಡ್ ವ್ಯಾನ್ ಡರ್ ವಾಕ್ ಮತ್ತು ಡೇವಿಸ್ 1978ರಲ್ಲಿ ಪ್ರಕಟಿಸಿದ ಅಧ್ಯಯನ, ಕೆಸರಿನಲ್ಲಿ ಹುದುಗಿದ ಬೀಜಗಳ ಭಂಡಾರವೇ ಜವುಗಿನ ಭವಿಷ್ಯವನ್ನು ನಿರ್ಧರಿಸುತ್ತದೆ ಎಂದು ತೋರಿಸಿತು. ನೀರಿನ ಮೇಲೆ ತಲೆಯೆತ್ತಿ ನಿಲ್ಲುವ ಬಹುಪಾಲು ಗಿಡಗಳ ಬೀಜ ಆಳ ನೀರಿನಡಿ ಮೊಳೆಯುವುದಿಲ್ಲ. ನೀರು ಸರಿದು ಕೆಸರು ಬಿಸಿಲು ಕಂಡಾಗ ಮಾತ್ರ ಮೊಳೆಯುತ್ತದೆ. ನೀರಿನ ಮಟ್ಟವೊಂದು ಜರಡಿ. ಯಾವ ಬೀಜಕ್ಕೆ ಅವಕಾಶ, ಯಾವುದಕ್ಕೆ ಕಾಯುವ ಸರದಿ ಎಂಬುದನ್ನು ಅದು ಸೋಸುತ್ತದೆ. ಬೀಜಗಳು ಎಷ್ಟು ಕಾಲ ಕಾಯಬಲ್ಲವು ಎಂಬುದಕ್ಕೆ ಚೀನಾದ ಒಂದು ಒಣಗಿದ ಕೆರೆಯ ತಾವರೆ ಬೀಜವೇ ಸಾಕ್ಷಿ. ಸುಮಾರು 1,300 ವರ್ಷ ಹಳೆಯದೆಂದು ಗುರುತಿಸಲಾದ ಬೀಜ ಮೊಳೆತ ಸಂಗತಿ 1995ರಲ್ಲಿ ಪ್ರಕಟವಾಯಿತು.

ಆದ್ದರಿಂದ ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆಯಂಗಳ ಸತ್ತ ನೆಲವಲ್ಲ. ಮುಂದಿನ ಮಳೆಗೆ ಬೇಕಾದ ಬೀಜಗಳ ಕಣಜ ಅದು. ಒಣಗುವ ಹೊತ್ತಿನಲ್ಲಿ ಗಾಳಿಯಾಡಿದ ಮಣ್ಣಿನಲ್ಲಿ ಕೊಳೆತ ಎಲೆಕಸ ಬೇಗ ಕರಗುತ್ತದೆ. ಕೆರೆ ಹೂಳಿನಿಂದ ತುಂಬುವ ವೇಗವೂ ತಗ್ಗುತ್ತದೆ.

ಕಾಲುವೆ ಬಂದ ಮೇಲೆ

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡ ಬಳಿಕ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಹಂತಹಂತವಾಗಿ ಹರಿಯಿತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತದ ಗದ್ದೆಗಳು ಬಂದವು. ಬರಗಾಲಕ್ಕೆ ಗುಳೆ ಹೋಗುತ್ತಿದ್ದ ಸೀಮೆಗೆ ಇದು ದೊಡ್ಡ ಆಸರೆಯಾಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅದರ ಜೊತೆಗೇ ತಗ್ಗಿನ ಕಪ್ಪುಭೂಮಿಯಲ್ಲಿ ಸವಳು–ಜವಳಿನ ಸಮಸ್ಯೆಯೂ ತಲೆದೋರಿತು.

ಕಾಲುವೆಯ ಬಸಿನೀರು ತಲುಪುವ ಕೆರೆಗಳಲ್ಲಿ ಹಳೆಯ ಚಕ್ರ ತಪ್ಪುತ್ತದೆ. ಕೆರೆ ಒಣಗುವುದಿಲ್ಲ; ನೀರಿನ ಮಟ್ಟ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಜೊತೆಗೆ ಗದ್ದೆಗಳಿಂದ ತೊಳೆದು ಬಂದ ಸಾರಜನಕ, ರಂಜಕ ಸೇರುತ್ತವೆ. ಇಂಥ ಸ್ಥಿತಿ ಆಪಿಗೆ ಅತ್ಯಂತ ಪ್ರಿಯ. ಒಂದು ಕದಿರಿನಲ್ಲಿ ಲಕ್ಷಕ್ಕೂ ಮೀರಿದ ಬೀಜ ಬಿಡುವ, ನೆಲದಡಿಯ ಗೆಡ್ಡೆಯಿಂದ ಹಬ್ಬುವ ಈ ಗಿಡ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ನುಂಗುತ್ತ ಕೆರೆಯನ್ನು ಒಂದೇ ಬಗೆಯ ಜೊಂಡಿನ ಕಾಡಾಗಿಸಬಲ್ಲದು. ತೆರೆದ ನೀರಿನಲ್ಲಿ ದಕ್ಷಿಣ ಅಮೆರಿಕ ಮೂಲದ, ಜನ ಅಂತರಗಂಗೆ ಎಂದು ಕರೆಯುವ ನೀಲಿ ಹೂವಿನ ತೇಲುಗಿಡ ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಅದರ ಚಾಪೆಯಡಿ ಬೆಳಕಿಲ್ಲ. ಮುಳುಗಿ ಬೆಳೆಯುವ ಗಿಡಗಳು ಅಳಿಯುತ್ತವೆ, ಆಮ್ಲಜನಕ ಕುಸಿದು ಮೀನು ಸಾಯುತ್ತದೆ. ದಡದಲ್ಲಿ ಬೇಶರಮ್, ಒಣ ಅಂಚಿನಲ್ಲಿ ಬಳ್ಳಾರಿ ಜಾಲಿ ಬೇಲಿ ಕಟ್ಟುತ್ತವೆ. ಹಸಿರು ಹೆಚ್ಚಿದಂತೆ ಕಾಣುತ್ತದೆ. ಜಾತಿಗಳ ಎಣಿಕೆ ತಗ್ಗಿರುತ್ತದೆ.

ಮೇಯುವ ದನಗಳ ಪಾತ್ರವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಭರತಪುರ ಪಾಠ ಹೇಳುತ್ತದೆ. ಅಲ್ಲಿನ ಕೇವಲಾದೇವ್ ಜವುಗಿನಲ್ಲಿ 1982ರಲ್ಲಿ ಎಮ್ಮೆಗಳ ಮೇಯಿಸುವಿಕೆಯನ್ನು ನಿಷೇಧಿಸಲಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಕೆಲವೇ ವರ್ಷಗಳಲ್ಲಿ ಜವುಗುಹುಲ್ಲು ಎಣೆಯಿಲ್ಲದೆ ಬೆಳೆದು ತೆರೆದ ನೀರನ್ನು ಮುಚ್ಚಿತು. ಎಮ್ಮೆಗಳು ಅಲ್ಲಿ ಹುಲ್ಲನ್ನು ಹದದಲ್ಲಿಡುತ್ತಿದ್ದವು ಎಂಬುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಬಯಲಿಗೆ ತಂದಿತು. ಬೀವರ್ ಅಲ್ಲಿರಲಿಲ್ಲ, ಎಂಜಿನಿಯರ್ ಕೆಲಸ ಎಮ್ಮೆಯದಾಗಿತ್ತು.

ಬಾಣಲೆಯಂಥ ಕೆರೆಯ ಅಪಾಯ

ಹೂಳೆತ್ತುವ ಕೆಲಸ ಬೇಡವೆಂದು ಯಾರೂ ಹೇಳಲಾರರು. ನೀರಿನ ಸಂಗ್ರಹ ಹೆಚ್ಚಬೇಕು, ಅಂತರ್ಜಲ ಏರಬೇಕು. ಪ್ರಶ್ನೆ ಇರುವುದು ಹೂಳೆತ್ತುವ ರೀತಿಯಲ್ಲಿ. ಬಂಡಿಯಲ್ಲಿ ಹೂಳು ಹೇರುವ ರೈತ ಒಣಗಿದ ಮೇಲ್ಪದರವನ್ನು ಚದುರಿದಂತೆ ತೆಗೆಯುತ್ತಿದ್ದ. ಯಂತ್ರ ಇಳಿದಾಗ ಅಂಚಿನಿಂದ ಅಂಚಿಗೆ ಒಂದೇ ಆಳಕ್ಕೆ ಅಗೆದು, ದಡವನ್ನು ಗೋಡೆಯಂತೆ ಕಡಿದು, ಮೇಲೆ ಕಲ್ಲು ಹೊದಿಸಿ ನಡೆದಾಡುವ ದಾರಿ ಮಾಡುವುದು ರೂಢಿಯಾಗುತ್ತಿದೆ. ಹೀಗೆ ಮಾಡಿದಾಗ ಎರಡು ನಷ್ಟಗಳು ಒಟ್ಟಿಗೆ ಸಂಭವಿಸುತ್ತವೆ. ಮೇಲ್ಪದರದ ಕೆಸರಿನೊಂದಿಗೆ ಬೀಜಭಂಡಾರ ಹೊರಟುಹೋಗುತ್ತದೆ. ಇಳಿಜಾರು ಇಲ್ಲವಾದ್ದರಿಂದ, ಉಳಿದ ಬೀಜ ಮೊಳೆತರೂ ನಿಲ್ಲಲು ಮೆಟ್ಟಿಲಿಲ್ಲ. ದಡದಿಂದ ನೇರವಾಗಿ ಆಳಕ್ಕೆ ಇಳಿಯುವ ಅಂಥ ಕೆರೆ ನೀರಿನ ತೊಟ್ಟಿಯಾಗಬಹುದು, ಜವುಗು ನೆಲೆಯಾಗದು.

ಕಾನೂನಿನಲ್ಲಿಯೂ ಒಂದು ತೊಡಕಿದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು, ಕುಡಿಯುವ ನೀರಿಗಾಗಿ ಹಾಗೂ ನೀರಾವರಿಗಾಗಿ ಮನುಷ್ಯರು ನಿರ್ಮಿಸಿದ ಜಲಕಾಯಗಳನ್ನು ಜೌಗು ಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಆ ಮಾತನ್ನು ಅಕ್ಷರಶಃ ಹಿಡಿದರೆ ಬಯಲುಸೀಮೆಯ ಬಹುತೇಕ ಕೆರೆಗಳು ಆ ನಿಯಮಗಳ ರಕ್ಷಣೆಗೆ ಹೊರತು. ಅದೇ ಬಗೆಯ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಒಂದೆಡೆ ನೀರಾವರಿ ಕೆರೆ ಜೌಗು ಅಲ್ಲ ಎಂಬ ವ್ಯಾಖ್ಯೆ, ಇನ್ನೊಂದೆಡೆ ಅದೇ ಕೆರೆಗೆ ಜಾಗತಿಕ ಗೌರವ. ಇವೆರಡರ ನಡುವಿನ ಅಂತರದಲ್ಲಿ ಹೆಸರಿಲ್ಲದ ನೂರಾರು ಊರಕೆರೆಗಳ ಅಂಚುಗಳಿವೆ. ರಾಜ್ಯದ ಮಟ್ಟದಲ್ಲಿ 2014ರ ಕಾಯ್ದೆಯಡಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ರಚನೆಯಾಗಿದ್ದು, ಒತ್ತುವರಿ ತೆರವು ಅದರ ಮುಖ್ಯ ಹೊಣೆಗಳಲ್ಲೊಂದು. ಗಡಿ ಉಳಿದರಷ್ಟೇ ಸಾಲದು, ಗಡಿಯೊಳಗಿನ ಇಳಿಜಾರೂ ಉಳಿಯಬೇಕು.

ಗೋಗಿಯ ವಿಷಯದಲ್ಲಿ ಈ ಮಾತಿಗೆ ಇನ್ನೊಂದು ಆಯಾಮವಿದೆ. ನೆಲದಡಿಯ ಅದಿರಿನ ಬಗ್ಗೆ ನಡೆದ ಚರ್ಚೆಯುದ್ದಕ್ಕೂ ಜನರ ಮೊದಲ ಆತಂಕ ನೀರಿನದೇ ಆಗಿತ್ತು. ಕೆರೆ, ಹಳ್ಳ, ಬಾವಿ, ಕಾಲುವೆ ಒಂದಕ್ಕೊಂದು ನೆಲದೊಳಗೆ ಕೈಹಿಡಿದಿರುವ ಸೀಮೆಯಲ್ಲಿ ಯಾವ ದೊಡ್ಡ ಯೋಜನೆಯ ಪರಿಣಾಮವೂ ಮೊದಲು ಕಾಣಿಸಿಕೊಳ್ಳುವುದು ಜವುಗಿನ ಗಿಡಗಳಲ್ಲಿ. ಯಾವ ಕೆರೆಯಲ್ಲಿ ಇಂದು ಯಾವ ಗಿಡಗಳಿವೆ ಎಂಬ ಸರಳ ಪಟ್ಟಿಯೇ ನಾಳಿನ ಬದಲಾವಣೆಯನ್ನು ಅಳೆಯುವ ಕೋಲು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಕೆರೆಯಂಚಿನ ಸಸ್ಯಗಳ ಪಟ್ಟಿಗೆ ಅದಕ್ಕಿಂತ ತಕ್ಕ ಜಾಗ ಬೇರೆ ಇಲ್ಲ.

ಮಾಡಬಹುದಾದದ್ದು

ಬೀವರ್ ಕೊಳಗಳ ಅಧ್ಯಯನದಿಂದ ಹೊರಡುವ ಸೂಚನೆಗಳು ದುಬಾರಿಯವಲ್ಲ. ಹೂಳೆತ್ತುವಾಗ ಏರಿಯ ಬದಿಯ ಆಳವನ್ನು ಹೆಚ್ಚಿಸಿ, ಹಿನ್ನೀರಿನ ಬದಿಯ ತೆಳುನೀರಿನ ಇಳಿಜಾರನ್ನು ಹಾಗೆಯೇ ಬಿಡಬಹುದು. ಇಡೀ ಅಂಗಳವನ್ನು ಒಂದೇ ಬೇಸಿಗೆಯಲ್ಲಿ ಅಗೆಯದೆ, ಭಾಗ ಭಾಗವಾಗಿ ಕೆಲಸ ಮಾಡಿದರೆ ಉಳಿದ ಭಾಗದ ಬೀಜ ಅಗೆದ ಭಾಗಕ್ಕೆ ಮರಳುತ್ತದೆ. ಕಾಲುವೆ ನೀರಿನಿಂದ ತುಂಬುವ ಕೆರೆಗಳಲ್ಲಿ, ಕುಡಿಯುವ ನೀರಿಗೆ ಬೇಕಾದಷ್ಟನ್ನು ಉಳಿಸಿಕೊಂಡು, ಬೇಸಿಗೆಯಲ್ಲಿ ಕೆಲವು ವಾರ ಮಟ್ಟ ಇಳಿಯಲು ಬಿಡಬಹುದು. ಆಪನ್ನು ಕೊಯ್ಯುವ, ಮಿತಿಯಲ್ಲಿ ದನ ಮೇಯಿಸುವ ಹಳೆಯ ರೂಢಿಗಳನ್ನು ಒತ್ತುವರಿಯೊಂದಿಗೆ ಸಮೀಕರಿಸದೆ ನಿರ್ವಹಣೆಯ ಭಾಗವೆಂದು ಒಪ್ಪಿಕೊಳ್ಳಬಹುದು.

ಒಂದು ಸೀಮೆಯ ಎಲ್ಲ ಕೆರೆಗಳೂ ಒಂದೇ ರೀತಿ ಇರಬೇಕಾಗಿಲ್ಲ ಎಂಬುದು ಇವೆಲ್ಲಕ್ಕಿಂತ ಮುಖ್ಯವಾದ ಪಾಠ. ಅಡಿರಾನ್‌ಡ್ಯಾಕ್ ಬೆಟ್ಟಗಳಲ್ಲಿ ಜಾತಿಗಳ ಲೆಕ್ಕ ಏರಿದ್ದು ಕೊಳಗಳು ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ಸ್ಥಿತಿಯಲ್ಲಿ ಇದ್ದುದರಿಂದ. ಬೋನಾಳದಂಥ ದೊಡ್ಡ ಕೆರೆಯಲ್ಲಿ ಸದಾ ನೀರಿರಲಿ. ಅದರ ಪಕ್ಕದೂರಿನ ಸಣ್ಣ ಕಟ್ಟೆ ಮಾರ್ಚಿಯಲ್ಲಿ ಒಣಗಲಿ. ಮತ್ತೊಂದು ಕೆರೆಯಲ್ಲಿ ಕರಿಜಾಲಿ ನಿಲ್ಲಲಿ, ಇನ್ನೊಂದರಲ್ಲಿ ತಾವರೆ ಅರಳಲಿ. ಎಲ್ಲ ಕೆರೆಗಳಿಗೂ ಒಂದೇ ನಕ್ಷೆ, ಒಂದೇ ಆಳ, ಒಂದೇ ಕಲ್ಲುಹಾಸು ಎಂಬ ನೀತಿಯಲ್ಲಿ ಇದಕ್ಕೆ ಎಡೆಯಿಲ್ಲ.

ಬೀವರ್ ತನ್ನ ಗಟ್ಟೆಯನ್ನು ತೊರೆದು ಹೋಗಬಲ್ಲದು; ಹೊಸ ಕಣಿವೆ ಹುಡುಕಿಕೊಳ್ಳಬಲ್ಲದು. ಸುರಪುರ, ಶಹಾಪುರ, ಗೋಗಿಯ ಕೆರೆ ಕಟ್ಟಿದವರ ಮಕ್ಕಳಿಗೆ ಬೇರೆ ಕಣಿವೆಯಿಲ್ಲ. ಮುಂಗಾರು ಬಂದಾಗ ಕೆರೆ ತುಂಬಿತೇ ಎಂದು ಕೇಳುವ ಊರು, ಹಿಂಗಾರು ಕಳೆದ ಮೇಲೆ ಅಂಚಿನಲ್ಲಿ ಏನೇನು ಚಿಗುರಿತು ಎಂಬುದನ್ನೂ ಕೇಳುವಂತಾದರೆ, ಆ ಕೆರೆ ಇನ್ನೂ ಹಲವು ತಲೆಮಾರು ಕೆರೆಯಾಗಿಯೇ ಉಳಿದೀತು.